ಮಣ್ಣಾದ ಮೇಲೆ ಇಳಿದ ಹಾಲು

ಶಿವಲೀಲಾ ಮಣ್ಣಾಗಿ ಎರಡು ವಾರ ಕಳೆದ ಮೇಲೆ ಅವಳ ಎದೆಹಾಲು ಇಳಿಯಿತು.

ಬೇರೆ ಯಾರಾದರೂ ಹೀಗೆಂದಿದ್ದರೆ ಅವಳ ತಾಯಿ ದಾನವ್ವ ನಂಬುವವಳಲ್ಲ. ಹುಬ್ಬಳ್ಳಿಯ ಘಂಟಿಕೇರಿಯಲ್ಲಿ ಖಾನಾವಳಿ ನಡೆಸುವ ಹೆಂಗಸು ಅವಳು. ಒಲೆ ಮುಂದೆ ಕೂತಲ್ಲಿಗೇ ಊರ ಸುದ್ದಿಯೆಲ್ಲ ಬರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಬುರುಡೆ ಎಂಬುದು ಅವಳ ಅನುಭವ. ಆದರೆ ಆ ಮುಂಜಾನೆ ಆಸ್ಪತ್ರೆಯ ಗಾಜಿನ ಗೋಡೆಗೆ ಹಣೆ ಹಚ್ಚಿ ನಿಂತು ಅವಳು ತನ್ನ ಕಣ್ಣಿಂದಲೇ ನೋಡಿದಳು. ಗಾಜಿನ ಆಚೆ ರೊಟ್ಟಿ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಅದರ ಬುಡದಲ್ಲಿ ಸಣ್ಣ ನಳಿಗೆ. ನಳಿಗೆಯ ತುದಿಯಲ್ಲಿ ನಸುಹಳದಿ ಹನಿಯೊಂದು ಮೂಡಿತು, ದುಂಡಗಾಯಿತು, ಒಂದಿಷ್ಟು ಹೊತ್ತು ಜೋತಾಡಿತು, ಕೆಳಗಿನ ಸೀಸೆಗೆ ಬಿತ್ತು.

ಪಕ್ಕದಲ್ಲಿ ನಿಂತಿದ್ದ ಅಳಿಯ ಚನ್ನವೀರ ಗಳಗಳ ಅತ್ತುಬಿಟ್ಟ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿರುವ ಅವನು ಹೆಂಡತಿಯನ್ನು ಮಣ್ಣು ಮಾಡುವಾಗಲೂ ಮಂದಿಯ ಮುಂದೆ ಕಣ್ಣೀರು ಹಾಕಿರಲಿಲ್ಲ. ದಾನವ್ವನಿಗೆ ಅಳು ಬರಲಿಲ್ಲ. ಅವಳ ಮೈಮೇಲಿನ ಕೂದಲೆಲ್ಲ ನಿಮಿರಿ ನಿಂತವು. ಹೆತ್ತ ಮಗಳು ಅಲ್ಲಿ ಮಣ್ಣಿನಡಿ ಮಲಗಿದ್ದಾಳೆ, ಇಲ್ಲಿ ಅವಳ ಹಾಲು ಹನಿಯುತ್ತಿದೆ. ಕೈ ಮುಗಿಯಬೇಕೋ ಹೆದರಬೇಕೋ ತಿಳಿಯದೆ ಅವಳು ಸೆರಗನ್ನು ತಲೆಮೇಲೆ ಎಳೆದುಕೊಂಡಳು.

ನಡೆದದ್ದು ಇಷ್ಟು. ಶಿವಲೀಲಾಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ರಕ್ತ ನಿಲ್ಲಲಿಲ್ಲ. ತಾಯಿ ಹೋದಳು, ಅಂಗೈಯಗಲದ ಹೆಣ್ಣುಕೂಸು ಉಳಿಯಿತು. ಆ ಗಳಿಗೆಯಲ್ಲೇ ಆಸ್ಪತ್ರೆಯ ಹಾಲಿನ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಸೆಲಿನ್ ಕ್ರಾಸ್ತಾ ಚನ್ನವೀರನ ಹತ್ತಿರ ಬಂದು, ತೀರಿಹೋದವಳ ಎದೆಯಿಂದ ಅಕ್ಕಿಕಾಳಿನಷ್ಟು ಅಂಶ ತೆಗೆದುಕೊಳ್ಳಲು ಒಪ್ಪಿಗೆ ಕೇಳಿದರು. ಉಸಿರು ನಿಂತ ಕೂಡಲೇ ಮೈಯೊಳಗಿನ ಜೀವಕೋಶಗಳೆಲ್ಲ ಸಾಯುವುದಿಲ್ಲ. ಅವನ್ನು ಬೆಚ್ಚಗಿನ ದ್ರವದಲ್ಲಿ, ಮಡಿಕೆ ಮಡಿಕೆಯಾದ ತೆಳು ಪೊರೆಯ ಮೇಲೆ ಬೆಳೆಸಿ, ಬಾಣಂತಿಯ ರಕ್ತದಲ್ಲಿ ಹರಿಯುವ ಹಾರ್ಮೋನುಗಳನ್ನೇ ಉಣಿಸಿದರೆ, ಅವು ತಾವಿನ್ನೂ ತಾಯಿಯ ಎದೆಯೊಳಗೇ ಇದ್ದೇವೆ ಎಂದುಕೊಂಡು ಹಾಲು ತಯಾರಿಸತೊಡಗುತ್ತವೆ. ಬದುಕಿರುವ ತಾಯಂದಿರ ಕೋಶಗಳಿಂದ ಇದನ್ನು ಮಾಡಿ ನೋಡಿದ್ದರು. ತೀರಿಹೋದವಳಿಂದ ಇದೇ ಮೊದಲು.

ಕಂಡವರ ಮನೆ ಕೂಸಿಗಾಗಿ ಅವರು ಇಷ್ಟು ಒದ್ದಾಡಲು ಕಾರಣವಿತ್ತು. ಇಷ್ಟು ಬೇಗ ಹುಟ್ಟಿದ ಕೂಸಿಗೆ ಬೇರೆ ಹಾಲು ಒಗ್ಗಲಿಕ್ಕಿಲ್ಲ ಎಂದು ಅವರು ಹೆದರಿದ್ದರು, ಹಾಗೆಯೇ ಆಯಿತು. ಬೇರೆ ತಾಯಂದಿರು ದಾನ ಕೊಟ್ಟ ಹಾಲು ಹಾಕಿದರೆ ಹೊಟ್ಟೆ ಉಬ್ಬಿ ಮಲದಲ್ಲಿ ರಕ್ತ. ಪುಡಿಹಾಲು ಹಾಕಿದರೆ ಇನ್ನೂ ಕಷ್ಟ. ನೂಲಿನಂಥ ನರಗಳಿಗೆ ಸೂಜಿ ಚುಚ್ಚಿ ಎಷ್ಟು ದಿನ ಬದುಕಿಸಲಾದೀತು? ಆ ಪೆಟ್ಟಿಗೆಯ ಹಾಲನ್ನು ಹನಿಹನಿಯಾಗಿ ಮೂಗಿನ ನಳಿಗೆಯಿಂದ ಬಿಟ್ಟರು. ಕೂಸು ವಾಂತಿ ಮಾಡಲಿಲ್ಲ. ಬಿಗಿದುಕೊಂಡಿದ್ದ ಹೊಟ್ಟೆ ಸಡಿಲಾಯಿತು. ರಕ್ತ ನಿಂತಿತು. ಡಾಕ್ಟರು ಯಾರಿಗೂ ಕಾಣದಂತೆ ಶಿಲುಬೆಯ ಗುರುತು ಮಾಡಿಕೊಂಡದ್ದನ್ನು ದಾನವ್ವ ನೋಡಿದಳು.

ಎಲ್ಲರ ಹಾಲೂ ಒಂದೇ ಅಲ್ಲವೇ ಎಂದು ಅವಳು ಡಾಕ್ಟರನ್ನು ಕೇಳಿದಳು. ಖಂಡಿತ ಅಲ್ಲ ಎಂದರು ಅವರು. ಯಾವ ಕೊಬ್ಬು ಎಷ್ಟು, ಯಾವ ಸಕ್ಕರೆ ಇದೆ, ಯಾವುದು ಇಲ್ಲ, ಇದರಲ್ಲಿ ಬಹಳಷ್ಟು ಆಯಾ ತಾಯಿಯ ವಂಶವಾಹಿಗಳಲ್ಲೇ ಬರೆದಿರುತ್ತದೆ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಮೂಗು ಕಣ್ಣು ಇಳಿದ ಹಾಗೆಯೇ ಹಾಲಿನ ಗುಣವೂ ಇಳಿಯುತ್ತದೆ. ಕೆಲವು ಸಕ್ಕರೆಗಳಂತೂ ವಿಚಿತ್ರ, ಕೂಸಿಗೆ ಅವು ಜೀರ್ಣವೇ ಆಗುವುದಿಲ್ಲ.

"ಜೀರ್ಣ ಆಗದ್ದನ್ನ ಯಾಕ ಬಡಸ್ಬೇಕ್ರೀ ಬಾಯಾರ?" ಖಾನಾವಳಿಯವಳ ಪ್ರಶ್ನೆ ನೇರವಾಗಿತ್ತು.

"ಅದು ಮಗುವಿಗಲ್ಲ ಅಮ್ಮ," ಎಂದರು ಡಾಕ್ಟರು. "ಮಗುವಿನ ಕರುಳಿನಲ್ಲಿ ಬಂದು ಮನೆ ಮಾಡುವ ಸೂಕ್ಷ್ಮಜೀವಿಗಳಿಗೆ. ಒಳ್ಳೆಯವು ಅದನ್ನು ಉಂಡು ದಂಡಾಗಿ ನಿಂತು ಕೆಟ್ಟವುಗಳನ್ನು ಓಡಿಸ್ತವೆ. ನಿಮ್ಮ ಮಗಳ ಹಾಲಿನಲ್ಲಿ ಅಂಥ ಒಂದು ಅಪರೂಪದ ಸಕ್ಕರೆ ಉಂಟು. ಈ ಮಗುವಿನ ಕರುಳು ಹಿಡಿದು ನಿಂತದ್ದು ಅದರಿಂದ."

ದಾನವ್ವ ಮನೆಗೆ ಹೋಗಿ ರೊಟ್ಟಿ ಬಡಿಯುತ್ತ ಇದನ್ನೇ ಯೋಚಿಸಿದಳು. ತಾಯಿಯೊಬ್ಬಳು ತನ್ನ ಕೂಸಿಗೆ ಎಲೆ ಹಾಕುವಾಗ, ಕಣ್ಣಿಗೂ ಕಾಣದ, ಕರೆಯದೆ ಬಂದ ಕೋಟಿ ಜೀವಿಗಳಿಗೂ ಅದೇ ಪಂಕ್ತಿಯಲ್ಲಿ ಎಲೆ ಹಾಕುತ್ತಾಳೆ. ತಾನು ಹೀಗೆ ಮಾಡುತ್ತಿದ್ದೇನೆಂದು ಅವಳಿಗೇ ಗೊತ್ತಿರುವುದಿಲ್ಲ. ದಾನವ್ವ ಜೀವಮಾನವಿಡೀ ಮಂದಿಗೆ ಉಣ್ಣಲು ಹಾಕಿದವಳು, ಆದರೂ ಇಂಥ ದೊಡ್ಡ ಅಡುಗೆಯನ್ನು ಕಂಡವಳಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೋದದ್ದು ಅವಳ ಗಮನಕ್ಕೆ ಬರಲಿಲ್ಲ. ಗಿರಾಕಿಗಳು ಪಾಪ, ಮಗಳು ಸತ್ತ ದುಃಖ ಎಂದುಕೊಂಡು ಸುಮ್ಮನೆ ತಿಂದರು.

ಸಂತೋಷ ಬಹಳ ದಿನ ಉಳಿಯಲಿಲ್ಲ. ಕೂಸು ಇನ್ನೇನು ಮೈ ಹಿಡಿಯಿತು ಎನ್ನುವಷ್ಟರಲ್ಲಿ ಅದರ ಬಾಯಿಯ ಸುತ್ತ ಕೆಂಪಗೆ ಗುಳ್ಳೆ ಎದ್ದವು. ಮರುದಿನ ಬೆರಳ ಸಂದಿಯಲ್ಲಿ, ತೊಡೆ ಸಂದಿಯಲ್ಲಿ. ಚರ್ಮ ಸಿಪ್ಪೆಯಂತೆ ಏಳತೊಡಗಿತು. ನೆತ್ತಿಯ ಮೇಲಿದ್ದ ನಾಲ್ಕು ಕೂದಲೂ ಉದುರಿದವು. ನರ್ಸುಗಳು ಸೋಂಕು ಎಂದು ಮುಲಾಮು ಹಚ್ಚಿದರು. ದಾನವ್ವ ಮಾತ್ರ ಗಾಜಿನಿಂದ ಒಮ್ಮೆ ನೋಡಿದವಳೇ ಗೋಡೆ ಹಿಡಿದು ಕೂತುಬಿಟ್ಟಳು. ಆ ಗುಳ್ಳೆ ಅವಳಿಗೆ ಹೊಸದಾಗಿರಲಿಲ್ಲ.

ಅವಳ ಚೊಚ್ಚಲು ಗಂಡುಮಗ, ಈರಣ್ಣ. ಅವನಿಗೂ ಹೀಗೇ ಬಾಯಿಯ ಸುತ್ತ ಎದ್ದಿತ್ತು, ಹೀಗೇ ಕೂದಲು ಉದುರಿತ್ತು. ಅತ್ತೆ ಹಿತ್ತಾಳೆ ತಾಟಿನಲ್ಲಿ ನೀರು ತುಂಬಿ, ಓಣಿಯ ನಾಲ್ಕು ಹೆಂಗಸರನ್ನು ಕರೆದು, ಅವರೆಲ್ಲರ ಎದುರು ದಾನವ್ವನ ಎದೆಹಾಲು ಹಿಂಡಿಸಿದಳು. ಒಳ್ಳೆಯ ಹಾಲು ನೀರಿನಲ್ಲಿ ಹರಡಿಕೊಳ್ಳಬೇಕು, ಎಳೆ ಎಳೆಯಾಗಿ ತಳಕ್ಕಿಳಿದರೆ ಕೆಟ್ಟದ್ದು ಎಂಬುದು ಆ ಮನೆಯ ಲೆಕ್ಕ. ಎಳೆ ಇಳಿಯಿತು. ನಿನ್ನ ಹಾಲು ನಂಜು ಎಂದಳು ಅತ್ತೆ. ಹಾಲು ಬಿಡಿಸಿ ಬೆಲ್ಲದ ನೀರು ಕುಡಿಸಿದರು. ಈರಣ್ಣ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನವೂ ದಾನವ್ವನ ಕುಪ್ಪಸ ಹಾಲಿನಿಂದ ತೊಯ್ದಿತ್ತು. ಅದನ್ನು ಹಿತ್ತಲಿನಲ್ಲಿ ಹಿಂಡಿ ಚೆಲ್ಲುವಾಗ ಅಲ್ಲಿ ಹುಲ್ಲೂ ಹುಟ್ಟಲಿಕ್ಕಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಆಮೇಲೆ ಶಿವಲೀಲಾ ಹುಟ್ಟಿದಳು. ಅವಳ ತುಟಿಯ ಸುತ್ತಲೂ ಕೆಂಪು ಕಾಣಿಸಿಕೊಂಡಾಗ ದಾನವ್ವ ಯಾರನ್ನೂ ಕೇಳಲು ಹೋಗಲಿಲ್ಲ. ಅತ್ತೆ ಮಧ್ಯಾಹ್ನ ಉಂಡು ಮಲಗಿದ ಹೊತ್ತಿನಲ್ಲಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಗೋಡೆ ದಾಟಿದಳು. ಆಚೆಯದು ಹುಸೇನಬಿಯ ಮನೆ. ಹುಸೇನಬಿಗೂ ಎಳೆಗೂಸಿತ್ತು. ಅವಳು ಮುಂದೆ ಹಿಂದೆ ನೋಡದೆ ಒಂದು ಎದೆಗೆ ತನ್ನ ಮಗನನ್ನೂ ಇನ್ನೊಂದಕ್ಕೆ ಈ ಕೂಸನ್ನೂ ಹಚ್ಚಿಕೊಂಡಳು. ದಿನವೂ ಇದೇ ನಡೆಯಿತು. ಗುಳ್ಳೆ ಒಣಗಿತು, ಶಿವಲೀಲಾ ಬೆಳೆದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಯ ಕೂಸು ಸಾಬರ ಮನೆಯ ಹಾಲು ಕುಡಿಯಿತು ಎಂದು ಗೊತ್ತಾದರೆ ಅತ್ತೆ ಇಬ್ಬರನ್ನೂ ಹೊರಗೆ ಹಾಕುತ್ತಿದ್ದಳು, ಹಾಗಾಗಿ ದಾನವ್ವ ಬಾಯಿ ಬಿಡಲಿಲ್ಲ. ಹುಸೇನಬಿಯೂ ಬಿಡಲಿಲ್ಲ. ಅವರಲ್ಲಿ ಹಾಲು ಕೊಟ್ಟವಳು ತಾಯಿಯೇ. ಹಳೇ ಹುಬ್ಬಳ್ಳಿಗೆ ಮನೆ ಬದಲಿಸಿದ ಮೇಲೂ ಪ್ರತಿ ರಮಜಾನಿಗೆ ಶಿವಲೀಲಾಗೆಂದು ಅವಳಿಂದ ಬಳೆ ಬರುತ್ತಿದ್ದವು. ಏನೋ ಹಳೆಯ ನೆರೆಮನೆಯವರ ಪ್ರೀತಿ ಎಂದುಕೊಂಡೇ ಶಿವಲೀಲಾ ತೊಟ್ಟುಕೊಂಡಳು, ಹಾಗೆಂದುಕೊಂಡೇ ಸತ್ತಳು.

ಅತ್ತೆ, ಗಂಡ ಇಬ್ಬರೂ ಹೋದ ಮೇಲೆ ದಾನವ್ವ ಅದೇ ಮನೆಯಲ್ಲಿ ಖಾನಾವಳಿ ತೆರೆದಳು. ಹೊಟ್ಟೆಪಾಡು ಹೌದು, ಆದರೆ ಹಟವೂ ಇತ್ತು. ಹಾಲು ನಂಜು ಎನ್ನಿಸಿಕೊಂಡವಳ ಕೈ ಊಟ ಉಂಡು ಇಡೀ ಊರು ತೇಗಲಿ ಎಂಬ ಹಟ.

ಈಗ ಮೊಮ್ಮಗಳ ಬಾಯಿಯ ಸುತ್ತ ಅದೇ ಗುಳ್ಳೆ. ನಂಜು ಮಗಳಿಗೂ ಇಳಿದಿದೆ, ಸತ್ತ ಮೇಲೂ ಬಿಟ್ಟಿಲ್ಲ. ದಾನವ್ವ ಡಾಕ್ಟರ ಕೋಣೆಗೆ ಹೋಗಿ, ಈ ಹಾಲು ನಿಲ್ಲಿಸಿರಿ ಎಂದು ಕೂತಳು. ಕಾರಣ ಕೇಳಿದರೆ ಹೇಳಲಿಲ್ಲ. ಡಾಕ್ಟರು ತಲೆ ಅಲ್ಲಾಡಿಸಿದರು. ಬೇರೆ ಯಾವ ಹಾಲನ್ನೂ ಈ ಕರುಳು ತಡೆದುಕೊಳ್ಳುವುದಿಲ್ಲ, ನಿಲ್ಲಿಸಿದರೆ ಕೂಸು ವಾರ ಬಾಳುವುದಿಲ್ಲ. ಹೊರಗೆ ಬಂದರೆ ಚನ್ನವೀರ ನಿಂತಿದ್ದ. ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು.

"ಅತ್ತಿ, ಅಕಿ ಕೂಸಿಗೆ ಬಿಟ್ಟು ಹೋದದ್ದು ಇದೊಂದ," ಎಂದ ಅವನು. "ಇದನ್ನೂ ಕಸಗೋತೀರೇನು?"

ಸತ್ತವಳ ಹಾಲೆಂದರೆ ಮುದುಕಿಗೆ ದೆವ್ವದ ಹೆದರಿಕೆ ಎಂದು ಅವನು ತಿಳಿದುಕೊಂಡ. ಅಂದಿನಿಂದ ಅತ್ತೆಯ ಸಂಗಡ ಮಾತು ಬಿಟ್ಟ. ಖಾನಾವಳಿಯಿಂದ ಅವಳು ಕಳಿಸಿದ ಬುತ್ತಿ ಬಿಚ್ಚದೆ ವಾಪಸು ಬಂತು. ದಾನವ್ವನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಿಜ ಹೇಳಿದರೆ ಅವನು ತನ್ನ ಮುಖ ನೋಡುವನೇ ಎಂಬುದೇ ಅವಳ ಸಂಕಟವಾಗಿತ್ತು.

ನಾಲ್ಕೈದು ದಿನದ ಮೇಲೆ ಡಾಕ್ಟರು ಇಬ್ಬರನ್ನೂ ಕರೆಸಿದರು. ಅವರ ಕಣ್ಣು ನಿದ್ದೆಯಿಲ್ಲದೆ ಬಾಡಿದ್ದವು. ಪರದೆಯ ಮೇಲೆ ಅಕ್ಷರಗಳ ಸಾಲೊಂದು ಮೇಲಿಂದ ಕೆಳಕ್ಕೆ ಹರಿಯುತ್ತಿತ್ತು. ಒಬ್ಬ ಮನುಷ್ಯನನ್ನು ಬರೆಯಲು ಇಂಥ ಮುನ್ನೂರು ಕೋಟಿ ಅಕ್ಷರ ಬೇಕು ಎಂದರು. ಒಂದು ಕಡೆ ಸಾಲು ನಿಂತಿತು. ಅಲ್ಲಿ ಒಂದು ಅಕ್ಷರ ಕೆಂಪಗಿತ್ತು.

ರೋಗ ಸಿಕ್ಕಿದೆ ಎಂದರು ಅವರು. ಸೋಂಕಲ್ಲ, ಸತುವಿನ ಕೊರತೆ. ಹಾಲು ತಯಾರಿಸುವ ಜೀವಕೋಶಗಳಲ್ಲಿ ರಕ್ತದ ಸತುವನ್ನು ಹಾಲಿಗೆ ದಾಟಿಸುವ ಸಣ್ಣ ಬಾಗಿಲುಗಳಿರುತ್ತವೆ. ಆ ಬಾಗಿಲನ್ನು ಕಟ್ಟುವ ವಂಶವಾಹಿಯಲ್ಲಿ ಈ ಒಂದು ಅಕ್ಷರ ಬದಲಾಗಿದೆ, ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ತಾಯಿಯ ಮೈಯಲ್ಲಿ ಸತು ಬೇಕಾದಷ್ಟಿರುತ್ತದೆ, ಅವಳಿಗೆ ಏನೂ ಆಗುವುದಿಲ್ಲ. ಹಾಲಿಗೆ ಮಾತ್ರ ಇಳಿಯುವುದಿಲ್ಲ.

"ಇದು ತಾಯಿಯಿಂದ ಬಂದದ್ದು," ಎಂದು ಡಾಕ್ಟರು ದಾನವ್ವನ ಕಡೆ ತಿರುಗಿದರು. ಗುಳ್ಳೆ ಎದ್ದ ಮೇಲೆ ಅವಳ ಕೆನ್ನೆಯ ಒಳಗಿಂದ ತೆಗೆದಿದ್ದ ಮಾದರಿಯಲ್ಲೂ ಅದೇ ಅಕ್ಷರ ಸಿಕ್ಕಿತ್ತು.

ದಾನವ್ವ ತಲೆ ತಗ್ಗಿಸಿದಳು. "ಅಂದ್ರ ನನ್ನ ಹಾಲು ನಂಜು ಖರೇ ಆತಲ್ಲರಿ."

"ನಂಜಾ? ಯಾರು ಹೇಳಿದ್ದು ನಿಮಗೆ?" ಡಾಕ್ಟರು ಬೆರಗಾದರು. "ಎಲ್ಲಾ ಇದ್ದು ಒಂದು ಚಿಟಿಕೆ ಕಡಿಮೆ ಬಿದ್ದ ಹಾಲು ಅಮ್ಮ ಅದು. ನೀವು ಮಾಡುವ ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ವಿಷ ಅಂತೀರಾ? ಹೊರಗಿನಿಂದ ಒಂದೆರಡು ಹನಿ ಸತು ಹಾಕಿದ್ದರೆ ಸಾಕಿತ್ತು."

ಒಂದೆರಡು ಹನಿ. ದಾನವ್ವನಿಗೆ ಆ ಮಾತು ಎದೆಗೆ ಒದ್ದಂತಾಯಿತು. ಮುನ್ನೂರು ಕೋಟಿಯಲ್ಲಿ ಒಂದು ಅಕ್ಷರ, ಒಂದೆರಡು ಹನಿ ಔಷಧಿ, ಅಷ್ಟಕ್ಕೆ ಈರಣ್ಣ ಹೋದ.

ಹಾಗಾದರೆ ಈಗ ಹನಿ ಹಾಕಿರಿ ಎಂದ ಚನ್ನವೀರ. ಕಷ್ಟ ಇರುವುದು ಅಲ್ಲೇ ಎಂದರು ಡಾಕ್ಟರು. ದಿನ ತುಂಬಿ ಹುಟ್ಟಿದ ಕೂಸಾಗಿದ್ದರೆ ಇಷ್ಟೊತ್ತಿಗೆ ವಾಸಿಯಾಗುತ್ತಿತ್ತು. ಈ ಕೂಸಿಗೆ ಹನಿ ಹಾಕಿದರೆ ವಾಂತಿ, ಹಾಲಿಗೆ ಬೆರೆಸಿದರೂ ವಾಂತಿ, ಕಾಯಿಸಿ ತಣಿಸಿದ ದಾನದ ಹಾಲನ್ನು ಚೂರು ಬೆರೆಸಿದರೂ ಹೊಟ್ಟೆ ಉಬ್ಬುತ್ತದೆ. ಸೂಜಿಯಿಂದ ಕೊಡೋಣವೆಂದರೆ ನರಗಳು ಒಂದೊಂದಾಗಿ ಕೈಕೊಡುತ್ತಿವೆ. ಕಾಯಿಸದ ಹಾಲಿನಲ್ಲೇ ಹುಟ್ಟಿ ಬಂದ ಸತುವನ್ನಷ್ಟೇ ಈ ಕರುಳು ಒಪ್ಪೀತು. ಪೆಟ್ಟಿಗೆಯ ಕೋಶಗಳಲ್ಲಿ ಆ ಅಕ್ಷರವನ್ನು ತಿದ್ದಬಹುದು, ಆದರೆ ತಿದ್ದಿದ ಕೋಶಗಳನ್ನು ಆರಿಸಿ, ಪರೀಕ್ಷಿಸಿ, ಹೊಸದಾಗಿ ಬೆಳೆಸಿ ಹಾಲು ಬರಿಸಲು ಎರಡು ತಿಂಗಳಾದರೂ ಬೇಕು. ಕೂಸಿಗೆ ಅಷ್ಟು ಸಮಯವಿಲ್ಲ.

ಡಾಕ್ಟರು ಬೇಸತ್ತವರಂತೆ ಪೆನ್ನನ್ನು ಮೇಜಿನ ಮೇಲೆ ಎಸೆದರು. ಇದು ಸಾಲದ್ದಕ್ಕೆ ಇನ್ನೊಂದು ಕಾಟ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಪೆಟ್ಟಿಗೆಯ ಒಂದು ಮೂಲೆ ಕಲಬೆರಕೆಯಾಗಿದೆ. ಅಲ್ಲಿ ಬೆಳೆದಿರುವ ಕೋಶಗಳು ಶಿವಲೀಲಾರವೇ ಅಲ್ಲ, ಯಾರೋ ಬೇರೆ ಹೆಂಗಸಿನವು. ವಿಭಾಗದ ಯಾರದೋ ಕೈತಪ್ಪಿನಿಂದ ಸೇರಿರಬೇಕು. ಅಣಕ ನೋಡಿ, ಆ ಮೂಲೆಯ ಹಾಲಿನಲ್ಲಿ ಸತು ತುಂಬಿ ತುಳುಕುತ್ತಿದೆ. ಆದರೆ ಮೂಲ ಗೊತ್ತಿಲ್ಲದ ಕೋಶದ ಹಾಲನ್ನು ಕೂಸಿಗೆ ಕೊಡುವಂತಿಲ್ಲ, ನಿಯಮ ಕಟ್ಟುನಿಟ್ಟು. ಆ ಮೂಲೆಯ ಹಾಲು ಕೂಸಿನ ಸೀಸೆಗೆ ಸೇರದಂತೆ ಆಗಲೇ ತಡೆ ಹಾಕಿದ್ದರು. ಇವತ್ತು ಸಂಜೆ ಆ ಭಾಗವನ್ನು ಕೆರೆದು ಸುಟ್ಟುಬಿಡುತ್ತಾರೆ.

ಬೇರೆ ಹೆಂಗಸಿನವು ಎಂಬ ಮಾತಿಗೆ ದಾನವ್ವ ತಲೆ ಎತ್ತಿದಳು.

ಮೊದಲ ದಿನವೇ ಅಲ್ಲಿಯ ಕಿರಿಯ ಡಾಕ್ಟರೊಬ್ಬಳು ಅವಳನ್ನು ಕೇಳಿದ್ದಳು. ಶಿವಲೀಲಾಗೆ ಎಂದಾದರೂ ಬೇರೆಯವರ ರಕ್ತ ಕೊಟ್ಟಿದ್ದರೇ? ಎಳೆತನದಲ್ಲಿ ಬೇರೆ ಹೆಂಗಸಿನ ಹಾಲು ಕುಡಿದಿದ್ದಳೇ? ಅಳಿಯ ಪಕ್ಕದಲ್ಲೇ ಕೂತಿದ್ದ. ಇಲ್ಲ, ನನ್ನ ಹಾಲನ್ನೇ ಕುಡಿದು ಬೆಳೆದವಳು ಎಂದಿದ್ದಳು ದಾನವ್ವ. ಮೂವತ್ತು ವರ್ಷ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದ್ದ ಸುಳ್ಳು, ಸಲೀಸಾಗಿ ಬಂದಿತ್ತು. ಎದೆಹಾಲಿಗೂ ಎದೆಯ ಕೋಶಕ್ಕೂ ಏನು ಸಂಬಂಧ ಎಂದು ಈಗಲೂ ಅವಳಿಗೆ ಗೊತ್ತಿರಲಿಲ್ಲ. ಆದರೆ ಸಂಬಂಧ ಇರದಿದ್ದರೆ ಅವರು ಕೇಳುತ್ತಲೇ ಇರಲಿಲ್ಲ.

ಅವಳು ಅಳಿಯನ ಮುಖ ನೋಡಲಿಲ್ಲ. ಮೇಜಿನ ಅಂಚು ನೋಡುತ್ತ ಹೇಳಿದಳು.

"ಸುಡಬ್ಯಾಡ್ರಿ ಬಾಯಾರ. ಅದು ಯಾರ ಕೈತಪ್ಪೂ ಅಲ್ಲ. ಶಿವಲೀಲಾ ನನ್ನ ಹಾಲಿನ್ಯಾಗ ಬೆಳದಾಕಿ ಅಲ್ಲ. ಹುಸೇನಬಿ ಅಂತ ನಮ್ಮ ಹಿತ್ತಲಮನಿಯಾಕಿ, ಅಕಿ ಎದಿ ಹಾಲು ಕುಡದು ಉಳದಾಕಿ."

ಆಮೇಲೆ ಎಲ್ಲವನ್ನೂ ಹೇಳಿದಳು. ಈರಣ್ಣ, ಹಿತ್ತಾಳೆ ತಾಟು, ಹಿತ್ತಲ ಗೋಡೆ, ಒಂದನ್ನೂ ಬಿಡಲಿಲ್ಲ.

ಡಾಕ್ಟರ್ ಕ್ರಾಸ್ತಾ ಕುರ್ಚಿಯಿಂದ ಎದ್ದು ಕಿಟಕಿಗೆ ಹೋದರು, ಮತ್ತೆ ಬಂದು ಕೂತರು, ಮತ್ತೆ ಎದ್ದರು. ತಾಯಿಯ ಹಾಲಿನಲ್ಲಿ ಜೀವಂತ ಕೋಶಗಳೂ ಹರಿದು ಬರುತ್ತವೆ ಎಂದರು. ಎಳೆಗೂಸಿನ ಕರುಳು ಮೆತ್ತಗಿರುತ್ತದೆ. ಕೆಲವು ಕೋಶಗಳು ಅದನ್ನು ದಾಟಿ ರಕ್ತಕ್ಕಿಳಿದು, ಎಲ್ಲೋ ಮೂಲೆ ಹಿಡಿದು ಕೂತುಬಿಡುತ್ತವೆ. ಇಲಿಗಳಲ್ಲಿ ನೋಡಿದ್ದರು. ಮನುಷ್ಯರಲ್ಲಿ ಹೀಗೆ, ಅದೂ ಇಷ್ಟು ವರ್ಷದ ಮೇಲೆ, ಅದೂ ಎದೆಯಲ್ಲೇ ಬಂದು ನೆಲೆಸಿ ಹಾಲು ಕೊಡುವುದನ್ನು ಅವರು ಕಂಡಿರಲಿಲ್ಲ, ಕೇಳಿರಲಿಲ್ಲ. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಇಗರ್ಜಿಯೊಳಗೆ ಮಾತಾಡಿದಂತೆ ಮಾತಾಡಿದರು.

ಆ ಹುಸೇನಬಿ ಬದುಕಿದ್ದಾರೆಯೇ ಎಂದು ಕೇಳಿದರು. ಅವರ ಮಾದರಿ ಹೊಂದಿದರೆ ಮೂಲ ಗೊತ್ತಾದಂತೆ, ನಿಯಮದ ತೊಡಕು ಬಿಟ್ಟುಹೋದಂತೆ. ದಾನವ್ವ ಬಾಯಿ ತೆರೆಯುವ ಮೊದಲೇ ಚನ್ನವೀರ ಎದ್ದು ನಿಂತ. ಗಾಡಿಯ ಚಾವಿ ಅವನ ಕೈಯಲ್ಲಿತ್ತು.

"ಮನಿ ಎಲ್ಲೈತಿ ಹೇಳ್ರಿ ಅತ್ತಿ," ಎಂದ. ಇಷ್ಟು ದಿನಗಳ ಮೇಲೆ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಹಾದಿಯಲ್ಲಿ ಅವನು ಹುಸೇನಬಿಗೆ ಏನು ಹೇಳಿದನೋ ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಮುದುಕಿ ಅವನ ಹೆಗಲ ಮೇಲೆ ಕೈ ಊರಿ, ಅಳಿಯಾ ಸಾವಕಾಶ ಎನ್ನುತ್ತ ಲಿಫ್ಟಿನಿಂದ ಇಳಿದಳು. ಮಂಡಿನೋವು, ದಪ್ಪ ಕನ್ನಡಕ, ಬಾಯಿಯಲ್ಲಿ ನಾಲ್ಕೇ ಹಲ್ಲು. ದಾನವ್ವನನ್ನು ಕಂಡವಳೇ ಅವಳ ಕೆನ್ನೆ ಹಿಡಿದು, ಮಗಳನ್ನು ಮಣ್ಣು ಮಾಡುವಾಗ ನನಗೆ ಹೇಳಿ ಕಳಿಸಲಿಲ್ಲವಲ್ಲ ಎಂದು ಅತ್ತಳು. ದಾನವ್ವ ಅವಳ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ತೆಗೆದರು. ಹುಸೇನಬಿ ಚಹಾ ಕುಡಿದು, ವೀಳ್ಯದೆಲೆಗೆ ಸುಣ್ಣ ಹಚ್ಚಿ, ಇಲ್ಲಿ ಉಗುಳಲು ಜಾಗವಿಲ್ಲವೆಂದು ಅದನ್ನು ಮತ್ತೆ ಚೀಲಕ್ಕಿಟ್ಟುಕೊಳ್ಳುವಷ್ಟರಲ್ಲಿ ಯಂತ್ರ ಉತ್ತರ ಹೇಳಿತು. ಹೊಂದಿಕೆಯಾಗಿತ್ತು. ಡಾಕ್ಟರು ಪೆಟ್ಟಿಗೆಯ ಆ ಮೂಲೆಯನ್ನು ಪರದೆಯ ಮೇಲೆ ಸಾವಿರ ಪಟ್ಟು ಹಿಗ್ಗಿಸಿ ತೋರಿಸಿದರು. ದ್ರಾಕ್ಷಿ ಗೊಂಚಲಿನಂಥ ದುಂಡು ದುಂಡು ಕೋಶಗಳು, ಒಂದೊಂದರ ಅಂಚಿನಲ್ಲೂ ಹೊಳೆಯುವ ಸಣ್ಣ ಬಿಂದು. ಬಿಂದು ಉಬ್ಬುತ್ತಿತ್ತು, ಕಳಚಿ ಹರಿಯುತ್ತಿತ್ತು, ಹಿಂದೆಯೇ ಇನ್ನೊಂದು ಮೂಡುತ್ತಿತ್ತು.

ಹುಸೇನಬಿ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. "ಇವು ನನ್ನವಾ?" ಎಂದಳು. "ನನಗ ಎಪ್ಪತ್ತು ಆಗಾಕ ಬಂತು. ಇವಕ್ಕ ಯಾರೂ ಹೇಳೇ ಇಲ್ಲೇನು?"

ಡಾಕ್ಟರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಮಗಳು ಸತ್ತರೂ ಅವಳೊಳಗೆ ಕೂತಿದ್ದ ಹಾಲುತಾಯಿಯ ಈ ಚೂರು ಸತ್ತಿರಲಿಲ್ಲ. ಮೂವತ್ತು ವರ್ಷ ಸುಮ್ಮನಿದ್ದು, ಕೂಸು ಬಂತೆಂಬ ಸುದ್ದಿ ತಿಳಿದದ್ದೇ ತಡ, ಮತ್ತೆ ಕೆಲಸಕ್ಕೆ ಕೂತಿತ್ತು. ದಾನವ್ವ ಪರದೆಯಿಂದ ಕಣ್ಣು ಕೀಳಲಾರದೆ ನಿಂತಳು. ದೇವರ ಮುಂದೆ ಕೂಡ ಅವಳಿಗೆ ತಾನು ಇಷ್ಟು ಸಣ್ಣವಳು ಅನ್ನಿಸಿರಲಿಲ್ಲ.

ಕಡೆಗೆ ಡಾಕ್ಟರ ಕಡೆ ತಿರುಗಿ, "ಹಂಗಾದ್ರ ಇನ್ನ ಅಕಿವನ್ನಷ್ಟ ಇಡ್ರಿ," ಎಂದಳು. "ನನ್ನ ಕಡಿಂದ ಬಂದದ್ದನ್ನ ತಗದು ಹಾಕ್ರಿ."

"ಆಗುವುದಿಲ್ಲ ಅಮ್ಮ." ಡಾಕ್ಟರು ಇನ್ನೊಂದು ಪಟ್ಟಿ ತೆರೆದರು. "ಹುಸೇನಬಿಯವರ ಹಾಲಿನಲ್ಲಿ ಸತು ಉಂಟು, ಆದರೆ ಆ ಸಕ್ಕರೆ ಇಲ್ಲ. ಅವರ ವಂಶವಾಹಿಯಲ್ಲಿ ಅದು ಬರೆದೇ ಇಲ್ಲ. ಅವರದೊಂದನ್ನೇ ಕೊಟ್ಟರೆ ಹೊಟ್ಟೆ ಮತ್ತೆ ಉಬ್ಬಿ ರಕ್ತ ಬೀಳ್ತದೆ. ಈ ಮಗುವಿನ ಕರುಳನ್ನು ಇಷ್ಟು ದಿನ ಹಿಡಿದಿಟ್ಟ ಸಕ್ಕರೆ ನಿಮ್ಮ ಮಗಳಿಗೆ ಬಂದದ್ದು ಎಲ್ಲಿಂದ ಗೊತ್ತಾ? ನಿಮ್ಮಿಂದ. ಅದೂ ನೀವೇ ಕೊಟ್ಟದ್ದು."

ದಾನವ್ವ ಅಲ್ಲೇ ನೆಲದ ಮೇಲೆ ಕೂತಳು. ತನ್ನ ಹಾಲಿನಲ್ಲಿ ಕೂಸನ್ನು ಕಾಯುವಂಥದ್ದೂ ಇತ್ತು. ಹಿತ್ತಲಿನಲ್ಲಿ ಹಿಂಡಿ ಚೆಲ್ಲಿದ ಹಾಲು ನಂಜಾಗಿರಲಿಲ್ಲ. ಈರಣ್ಣನಿಗಾಗಿ ಇಷ್ಟು ವರ್ಷ ತಡೆದುಕೊಂಡಿದ್ದ ಅಳು ಅವಳ ಹೊಟ್ಟೆಯಿಂದ ಎದ್ದು ಬಂತು. ಸಂಕಟವೂ ಅದೇ, ಬಿಡುಗಡೆಯೂ ಅದೇ. ಹುಸೇನಬಿ ಮಂಡಿನೋವನ್ನು ಶಪಿಸುತ್ತ ಪಕ್ಕದಲ್ಲಿ ಕೂತು ಅವಳ ಬೆನ್ನು ತಟ್ಟಿದಳು. ಚನ್ನವೀರ ಒಂದು ಲೋಟ ನೀರು ತಂದು ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅವಳು ಕುಡಿಯುವ ತನಕ ಏಳಲಿಲ್ಲ.

ಸಂಜೆ ಪೆಟ್ಟಿಗೆಯ ಎರಡೂ ಕಡೆಯ ಹಾಲು ಒಂದೇ ಸೀಸೆಗೆ ಇಳಿಯಿತು. ಕೂಸಿನ ಹತ್ತಿರ ಒಯ್ಯುವ ಮೊದಲು ಸೀಸೆಯ ಮೇಲೆ ತಾಯಿಯ ಹೆಸರು ಬರೆಯಬೇಕು, ಅದು ಆ ವಿಭಾಗದ ಪದ್ಧತಿ. ನರ್ಸು ಪೆನ್ನು ಹಿಡಿದು ತಡವರಿಸಿದಳು. ಇಷ್ಟು ದಿನ ಶಿವಲೀಲಾ ಎಂದು ಬರೆಯುತ್ತಿದ್ದರು. ಇವತ್ತಿನದು ಯಾರ ಹಾಲು? ಡಾಕ್ಟರಿಗೂ ಹೊಳೆಯಲಿಲ್ಲ. ಮೂವರ ಹೆಸರನ್ನೂ ಬರೆಯೋಣವೇ ಎಂದರು. ಚನ್ನವೀರ ಸೀಸೆಗೆ ಅಂಟಿಸಿದ್ದ ಖಾಲಿ ಚೀಟಿಯನ್ನೇ ನೋಡುತ್ತಿದ್ದ. ಹೆಂಡತಿ ಬಿಟ್ಟು ಹೋದದ್ದು ಇದೊಂದೇ ಎಂದಿದ್ದವನ ಮುಖ ಬಾಡಿತ್ತು. ದಾನವ್ವ ಅದನ್ನು ಕಂಡಳು, ಹುಸೇನಬಿಯ ಕಡೆ ನೋಡಿದಳು.

ಹುಸೇನಬಿ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು.

"ನನ್ನ ಹೆಸರು ಯಾಕ್ರೀ ಬರೀತೀರಿ? ನಾ ಕೊಟ್ಟಾಗ ಅದು ನಂದಿತ್ತು. ಕುಡದ ಮ್ಯಾಲೆ ಅಕಿದು. ಈ ದಾನವ್ವ ಕೊಟ್ಟದ್ದೂ ಹಂಗ. ಕೊಟ್ಟ ಹಾಲನ್ನ ಯಾರರ ತಿರುಗಿ ಕೇಳತಾರೇನು? ಅಕಿ ಹೆಸರ ಬರೀರಿ."

ನರ್ಸು ದಾನವ್ವನ ಮುಖ ನೋಡಿದಳು. ದಾನವ್ವ ಹೂಂ ಎಂದಳು. ಸೀಸೆಯ ಮೇಲೆ ಶಿವಲೀಲಾ ಚನ್ನವೀರ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಒಳಗೆ ಒಯ್ದರು.

ಒಂದು ವಾರದಲ್ಲಿ ಬಾಯಿಯ ಸುತ್ತಲಿನ ಕೆಂಪು ಮಾಸಿತು, ಇನ್ನೊಂದು ವಾರಕ್ಕೆ ಹೊಸ ಚರ್ಮ ಬಂತು. ಒಂದು ಬೆಳಿಗ್ಗೆ ದಾನವ್ವ ಗಾಜಿನ ಈಚೆ ನಿಂತಿದ್ದಾಗ ಕೂಸು ಕಾಲು ಒದರಿ, ಮುಷ್ಟಿ ಬಿಗಿದು, ಇಡೀ ಮಹಡಿಗೆ ಕೇಳುವಂತೆ ಅತ್ತಿತು. ಹುಟ್ಟಿದ ಮೇಲೆ ಅದು ದನಿ ತೆಗೆದು ಅತ್ತದ್ದು ಅಂದೇ ಮೊದಲು. ಏನಾಯಿತೋ ಎಂದು ನರ್ಸುಗಳು ಓಡಿ ಬಂದರು, ಚನ್ನವೀರ ಗಾಬರಿಯಾಗಿ ಡಾಕ್ಟರನ್ನು ಕರೆಯಲು ಹೊರಟ. ದಾನವ್ವ ಅವನ ತೋಳು ಹಿಡಿದು ನಿಲ್ಲಿಸಿದಳು.

"ಏನೂ ಆಗಿಲ್ಲ," ಎಂದಳು. "ಕೂಸಿಗೆ ಹಸಿವ್ಯಾಗೈತಿ."